ಮೂರು ಕುಣಿಕೆಯ ಹೂವು

ನನ್ನ ಕೈಗಳಿಗೂ ನನಗೂ ಅಷ್ಟಕ್ಕಷ್ಟೇ. ಈ ಸಂಗತಿ ಐವತ್ತೆಂಟು ತುಂಬಿದ ಮೇಲೆ ತಿಳಿಯಿತೆಂದು ಹೇಳಿಕೊಳ್ಳುವುದಕ್ಕೆ ಸ್ವಲ್ಪ ಸಂಕೋಚವಾಗುತ್ತದೆ. ಅಲ್ಲಿಯವರೆಗೆ ಅವು ನಾನು ಹೇಳಿದಂತೆ ಕೇಳುತ್ತವೆ ಎಂದೇ ನಂಬಿದ್ದೆ. ಮುದ್ದೆ ತಿರುವು ಎಂದರೆ ತಿರುವುತ್ತಿದ್ದವು, ರಂಗೋಲಿ ಎಳೆ ಎಂದರೆ ಎಳೆಯುತ್ತಿದ್ದವು, ಗಂಡನ ಮುಂದೆ ಆಡಿಸು ಎಂದರೆ ಬೇಕಾದ್ದಕ್ಕಿಂತ ಹೆಚ್ಚೇ ಆಡಿಸುತ್ತಿದ್ದವು. ಕಳೆದ ಚಳಿಗಾಲದಲ್ಲಿ, ಉಣ್ಣೆಯಲ್ಲಿ ಒಂದೇ ಒಂದು ಹೂವು ಹೆಣೆಯಿರಪ್ಪ ಎಂದು ಕೇಳಿಕೊಂಡೆ ನೋಡಿ, ಆಗ ಅವುಗಳ ಬಣ್ಣ ಬಯಲಾಯಿತು.

ಹೆಣಿಗೆ ನನಗೆ ಹೊಸದೇನಲ್ಲ. ಕೋತಗಿರಿಯ ಸುತ್ತಮುತ್ತಲಿನ ಹೆಂಗಸರಿಗೆ ಹೆಣಿಗೆ ಬರುವುದಿಲ್ಲವೆಂದರೆ ಯಾರೂ ನಂಬುವುದಿಲ್ಲ. ಬಸ್ಸಿಗೆ ಕಾಯುವಾಗ ಹೆಣೆಯುತ್ತಾರೆ, ರೇಷನ್ ಅಂಗಡಿಯ ಸಾಲಿನಲ್ಲಿ ಹೆಣೆಯುತ್ತಾರೆ, ಕೊಯ್ದ ಟೀ ಸೊಪ್ಪನ್ನು ತೂಕಕ್ಕೆ ಇಳಿಸಿ ಫ್ಯಾಕ್ಟರಿಯ ಗಾಡಿ ಬರುವವರೆಗೂ ಹೆಣೆಯುತ್ತಾರೆ. ನಾನು ಮದುವೆಯಾಗಿ ಬಂದದ್ದು ಗುಂಡ್ಲುಪೇಟೆಯ ಕಡೆಯಿಂದ. ನನ್ನ ಗಂಡನ ಅಜ್ಜ ಆಲೂಗಡ್ಡೆ ವ್ಯಾಪಾರಕ್ಕೆಂದು ಅದೇ ಕಡೆಯಿಂದ ಬೆಟ್ಟ ಹತ್ತಿದವರು ಇಳಿಯುವುದನ್ನು ಮರೆತು ಇಲ್ಲೇ ಉಳಿದರಂತೆ. ಅವರು ಬಿಟ್ಟುಹೋದ ಒಂದೂವರೆ ಎಕರೆ ಟೀ ತೋಟವೇ ನಮ್ಮ ಅನ್ನ. ನನ್ನ ತವರೂರಿನಲ್ಲಿ ಸ್ವೆಟರ್ ಎಂದರೆ ವರ್ಷದ ಹನ್ನೊಂದು ತಿಂಗಳು ಪೆಟ್ಟಿಗೆಯಲ್ಲಿ ನುಸಿಗುಳಿಗೆಯ ಜೊತೆ ಸಂಸಾರ ಮಾಡುವ ವಸ್ತು. ಇಲ್ಲಿಗೆ ಬಂದ ಮೇಲೆ ಅದು ಸೀರೆಯ ಒಂದು ಭಾಗವೇ ಆಯಿತು. ಬಂದ ವರ್ಷವೇ ಸೀದಾ ಒಂದು ಸಾಲು, ಉಲ್ಟಾ ಒಂದು ಸಾಲು ಹೆಣೆಯುವುದನ್ನು ಕಲಿತೆ. ಮೂವತ್ತೈದು ವರ್ಷ ಅದರಲ್ಲೇ ಕಳೆಯಿತು. ನನ್ನ ಮಗನ ಬಾಲ್ಯವೆಲ್ಲ ಗೋಡೆಗೆ ಸುಣ್ಣ ಹೊಡೆದಷ್ಟು ಸಪ್ಪಟೆಯಾದ ಸ್ವೆಟರುಗಳಲ್ಲೇ ಮುಗಿಯಿತು. ಪಾಪ, ಒಂದು ದಿನವೂ ಹೂವು ಬೇಕೆಂದು ಅವನು ಕೇಳಲಿಲ್ಲ.

ಈ ಹೆಣಿಗೆಯ ಬಗ್ಗೆ ಯೋಚಿಸುತ್ತಾ ಕುಳಿತರೆ ತಲೆ ಎಲ್ಲೆಲ್ಲಿಗೋ ಹೋಗುತ್ತದೆ. ನಾವು ಜಡೆ ಹೆಣೆಯುತ್ತೇವೆ, ಚಾಪೆ ಹೆಣೆಯುತ್ತೇವೆ, ಬುಟ್ಟಿ ಹೆಣೆಯುತ್ತೇವೆ, ಮಂಚಕ್ಕೆ ಹಗ್ಗ ಹೆಣೆಯುತ್ತೇವೆ, ಏನೂ ಇಲ್ಲದಾಗ ಪಕ್ಕದ ಮನೆಯವರ ಮೇಲೆ ಕಥೆ ಹೆಣೆಯುತ್ತೇವೆ. ಉಣ್ಣೆ ಪಾಪ ತಡವಾಗಿ ಬಂದು ಈ ಸಾಲಿನ ಕೊನೆಯಲ್ಲಿ ನಿಂತಿತು. ಆದರೆ ಅದರ ಸ್ವಭಾವ ಬೇರೆ. ಚಾಪೆಗೂ ಬುಟ್ಟಿಗೂ ಅಡ್ಡಕ್ಕೊಂದು ಉದ್ದಕ್ಕೊಂದು ಎಳೆ ಬೇಕು, ಜಡೆಗಂತೂ ಮೂರು. ಉಣ್ಣೆಗೆ ಒಂದೇ ಎಳೆ ಸಾಕು. ತನ್ನೊಳಗೆ ತಾನೇ ನುಸುಳಿಕೊಂಡು ಬಟ್ಟೆಯಾಗುತ್ತದೆ. ಅದಕ್ಕೇ ಒಂದು ತುದಿ ಎಳೆದರೆ ಮೂರು ತಿಂಗಳ ಕೆಲಸ ಮೂರು ನಿಮಿಷದಲ್ಲಿ ಬಿಚ್ಚಿಹೋಗುತ್ತದೆ. ಹೂವಿನ ವಿಷಯವೂ ಹಾಗೆಯೇ. ಕಸೂತಿಯ ಹೂವು ಬಟ್ಟೆಯೆಲ್ಲ ಸಿದ್ಧವಾದ ಮೇಲೆ ಬಂದು ಮೇಲೆ ಕೂರುತ್ತದೆ. ಹೆಣಿಗೆಯ ಹೂವು ಬಟ್ಟೆಯ ಜೊತೆಗೇ ಹುಟ್ಟಬೇಕು, ಆಮೇಲೆ ತಂದು ಸೇರಿಸುತ್ತೇನೆಂದರೆ ಆಗುವುದಿಲ್ಲ.

ಇಷ್ಟು ಸುತ್ತಿ ಬಳಸಿ ಮಾತಾಡುತ್ತಿದ್ದೇನೆಂದರೆ ಮುಖ್ಯ ವಿಷಯ ಹೇಳಲು ಹಿಂಜರಿಯುತ್ತಿದ್ದೇನೆಂದು ನಿಮಗೆ ಗೊತ್ತಾಗಿರಬೇಕು. ಹೇಳಿಬಿಡುತ್ತೇನೆ. ನಾನು ನನ್ನ ಒಬ್ಬನೇ ಮಗನ ಮದುವೆಗೆ ಹೋಗಲಿಲ್ಲ.

ನನ್ನ ಮಗ ಮಂಜು ಪಂದಲೂರಿನ ಒಂದು ಟೀ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಾನೆ. ಅಲ್ಲಿ ಮಾರ್ಕೆಟ್ಟಿನ ಹತ್ತಿರ ಒಂದು ಟೈಲರ್ ಅಂಗಡಿ. ಅದನ್ನು ನಡೆಸುತ್ತಿದ್ದವಳು ಪ್ರಸೀತಾ ಎಂಬ ಮಲಯಾಳಿ ಹುಡುಗಿ. ತಿಂಗಳಿಗೊಂದು ಹೊಸ ಶರ್ಟು ಹಾಕಿಕೊಂಡು ಮಗ ಊರಿಗೆ ಬರತೊಡಗಿದಾಗಲೇ ನನಗೆ ಅನುಮಾನ ಬರಬೇಕಿತ್ತು. ಅಚ್ಚುಕಟ್ಟಾಗುತ್ತಿದ್ದಾನೆ ಎಂದು ನಾನು ಹಿಗ್ಗಿದೆ. ವಿಷಯ ತಿಳಿದಾಗ ಮಾತ್ರ ಕುದಿದುಹೋದೆ. ಭಾಷೆ ಬೇರೆ, ಜಾತಿ ಬೇರೆ, ಸಾರಿಗೆ ಹಾಕುವ ಎಣ್ಣೆಯೂ ಬೇರೆ ಎಂದೆಲ್ಲ ಹಾರಾಡಿದೆ. ಮಗ ಒಂದು ಮಾತೂ ಎದುರಾಡಲಿಲ್ಲ. ಮದುವೆಯ ದಿನ ನಿಗದಿ ಮಾಡಿಕೊಂಡು, ಅಮ್ಮ ನೀನು ಬರಲೇಬೇಕು ಎಂದು ಮೂರು ಸಲ ಬಂದು ಕರೆದ. ನನಗೆ ಮಂಡಿನೋವು, ಬಸ್ಸು ಹತ್ತುವುದಕ್ಕಾಗುವುದಿಲ್ಲ ಎಂದೆ.

ನನ್ನ ಗಂಡ ಒಬ್ಬರೇ ಇಸ್ತ್ರಿ ಪಂಚೆ ಉಟ್ಟುಕೊಂಡು ಹೋದರು. ಮೂರು ಬಗೆಯ ಪಾಯಸವಿತ್ತು ಎಂದಷ್ಟೇ ಬಂದು ಹೇಳಿದರು. ಆ ದಿನ ಮನೆಯಲ್ಲಿ ಒಬ್ಬಳೇ ಕೂರಲಾರದೆ ಬೆಳಿಗ್ಗೆಯಿಂದ ಸಂಜೆಯವರೆಗೆ ನಾನು ತೋಟದಲ್ಲಿ ಸೊಪ್ಪು ಕೊಯ್ದೆ. ಇಪ್ಪತ್ತೆಂಟು ಕಿಲೋ! ಆ ಇಳಿಜಾರಿನಲ್ಲಿ, ಮಂಡಿನೋವಿನವಳು! ಸೊಪ್ಪು ತೂಗಿದ ಏಜೆಂಟ್ ಕೂಡ ನನ್ನ ಮುಖವನ್ನೂ ಮಂಡಿಯನ್ನೂ ಒಂದು ಸಲ ನೋಡಿದ.

ಆಮೇಲೆ ಎರಡು ವರ್ಷ ಹೀಗೇ ಹೋಯಿತು. ಮಗನಿಗೆ ಫೋನ್ ಮಾಡುತ್ತಿದ್ದೆ. ಅವಳು ಎತ್ತಿದರೆ, "ಮಂಜು ಇದಾನಾ?" ಎನ್ನುತ್ತಿದ್ದೆ. "ಇದಾರೆ ಅಮ್ಮ, ಕೊಡ್ತೀನಿ" ಎನ್ನುತ್ತಿದ್ದಳು. ಇಷ್ಟೇ ನಮ್ಮ ಅತ್ತೆ ಸೊಸೆಯರ ಸಂಭಾಷಣೆ. ಮನೆಯಲ್ಲಿ ಅವಳ ಮಾತು ಬಂದರೆ 'ಅವಳು', 'ಮಂಜನ ಹೆಂಡತಿ', ತೀರಾ ಕೋಪ ಬಂದಾಗ 'ಆ ಟೈಲರಮ್ಮ'. ಹೆಸರು ಹಿಡಿದು ಒಂದು ದಿನವೂ ಅಂದದ್ದಿಲ್ಲ. ಹಾಗಂತ ಅವಳ ಬಗ್ಗೆ ಕುತೂಹಲವಿರಲಿಲ್ಲವೇ? ಅಯ್ಯೋ, ಬೇಕಾದಷ್ಟಿತ್ತು. ಅವಳು ವಾಟ್ಸಾಪಿನಲ್ಲಿ ದಿನಾ ಸ್ಟೇಟಸ್ ಹಾಕುತ್ತಿದ್ದಳು. ಹೊಲಿದ ಬ್ಲೌಸು, ಅಂಗಡಿಯ ಮುಂದಿನ ದಾಸವಾಳ, ಮಳೆ, ಮಂಜು ಊಟ ಮಾಡುತ್ತಿರುವುದು. ಬೆಳಿಗ್ಗೆ ಎದ್ದು ದೇವರಿಗೆ ದೀಪ ಹಚ್ಚಿ, ಒಲೆಗೆ ಕಾಫಿ ಇಟ್ಟು, ಗಂಡ ಹಿತ್ತಲಿಗೆ ಹೋದ ಹೊತ್ತು ನೋಡಿ ನಾನು ಅವಳ ಸ್ಟೇಟಸ್ ನೋಡುತ್ತಿದ್ದೆ. ಕಳ್ಳತನದಲ್ಲಿ ನೋಡುತ್ತಿದ್ದೇನೆಂದುಕೊಂಡಿದ್ದೆ. ಒಂದು ದಿನ ನನ್ನ ಗಂಡ, "ಅಲ್ವೇ, ಯಾರ್ಯಾರು ನೋಡಿದ್ರು ಅಂತ ಹಾಕಿದೋರಿಗೆ ಕಾಣತ್ತೆ ಗೊತ್ತಾ?" ಎಂದರು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಒಂದೂವರೆ ವರ್ಷದಿಂದ ದಿನಾ ಬೆಳಿಗ್ಗೆ ನಾನು ಅವಳ ಬಾಗಿಲಿಗೆ ಹೋಗಿ ಇಣುಕಿದ್ದು ಅವಳಿಗೆ ಗೊತ್ತಿತ್ತು!

ಅಂದಿನಿಂದ ನೋಡುವುದನ್ನು ನಿಲ್ಲಿಸಿಬಿಟ್ಟೆ. ಒಂದು ವಾರವಾಗಿರಬೇಕು, ಮಂಜು ಫೋನ್ ಮಾಡಿದ. "ಅಮ್ಮ, ಹುಷಾರಾಗಿದೀಯ ತಾನೇ? ನೀನು ಸ್ಟೇಟಸ್ ನೋಡ್ತಿಲ್ಲ, ಮೈಗೆ ಹುಷಾರಿಲ್ವೇನೋ ಕೇಳಿ ಅಂತ ಪ್ರಸೀತಾ ಎರಡು ದಿನದಿಂದ ಹೇಳ್ತಿದಾಳೆ" ಎಂದ. ಫೋನ್ ಕೆಟ್ಟಿತ್ತು ಎಂದೆ, ಅದೇ ಫೋನಿನಲ್ಲಿ ಮಾತಾಡುತ್ತಾ. ಅವನು ನಗಲಿಲ್ಲ. ಅವಳಿಗೆ ನಾಲ್ಕು ತಿಂಗಳು ಎಂದು ಹೇಳಿದ.

ಫೋನಿಟ್ಟು ಅಡುಗೆಮನೆಯ ಮಣೆಯ ಮೇಲೆ ಕುಳಿತು ಅತ್ತೆ. ಸಂತೋಷಕ್ಕೂ ಅತ್ತೆ, ಅವಮಾನಕ್ಕೂ ಅತ್ತೆ. ನಾನು ಮದುವೆಗೇ ಹೋಗಲಿಲ್ಲ. ನನ್ನ ಮೈ ಹೇಗಿದೆಯೆಂದು ಅವಳಿಗೆ ಚಿಂತೆ. ಮಗು ಹುಟ್ಟಿದ ಮೇಲೆ ಯಾವ ಮುಖ ಹೊತ್ತು ಆ ಬಾಗಿಲಿಗೆ ಹೋಗಲಿ? ಹೋಗದೆ ಇರುವುದಾದರೂ ಹೇಗೆ? ನನಗೆ ಆ ಬಾಗಿಲು ಬೇಕಾಗಿತ್ತು. ಆದರೆ ತಪ್ಪಾಯಿತು ಎಂಬ ಮಾತು ನನ್ನ ನಾಲಿಗೆಗೆ ಯಾವತ್ತೂ ಒಗ್ಗಿದ್ದಲ್ಲ. ಆಗ ನೆನಪಾಯಿತು, ಊಟಿಯ ಅಂಗಡಿಯೊಂದರಲ್ಲಿ ನೇತುಹಾಕಿದ್ದ ಹಾಲುಬಣ್ಣದ ಹೂಹೆಣಿಗೆಯ ಫೋಟೋ ಅವಳು ಹಿಂದೊಮ್ಮೆ ಸ್ಟೇಟಸ್ಸಿಗೆ ಹಾಕಿದ್ದಳು, ಪಕ್ಕದಲ್ಲೊಂದು ಕೆಂಪು ಹೃದಯ. ಸರಿ, ಮೊಮ್ಮಗುವಿಗೆ ಅಂಥದ್ದೇ ಒಂದು ಹೊದಿಕೆ ಹೆಣೆದು ಕಳಿಸುತ್ತೇನೆ ಎಂದು ತೀರ್ಮಾನಿಸಿದೆ. ಕೋತಗಿರಿಗೆ ಹೋಗಿ ಹಾಲುಬಣ್ಣದ ಉಣ್ಣೆ ತಂದೆ. ಜನವರಿಯ ಹಿಮಕ್ಕೆ ಟೀ ಚಿಗುರು ಸುಟ್ಟು ಕೊಯ್ಲು ನಿಂತಿತ್ತು, ಕೈಗೆ ಬಿಡುವಿತ್ತು.

ಹೂವು ಹೇಳಿಕೊಡಲು ಮಾದಿ ಹೆತ್ತೆ ಇದ್ದರು. ಹೆತ್ತೆ ಎಂದರೆ ಈ ಬೆಟ್ಟದ ಬಡಗ ಜನರಲ್ಲಿ ಅಜ್ಜಿ. ನಮ್ಮ ತೋಟದ ಮೇಲಿನ ಹಟ್ಟಿಯಲ್ಲಿ ಅವರ ಮನೆ. ಎಂಬತ್ತು ದಾಟಿರಬೇಕು, ಕಣ್ಣು ಮಂಜಾಗಿದೆ, ಹೆಣಿಗೆ ಕಡ್ಡಿ ಹಿಡಿದರೆ ಮಾತ್ರ ಬೆರಳುಗಳು ಇಪ್ಪತ್ತರವು. ಅವರ ಬಡಗ ಮಾತೂ ನನ್ನ ಗುಂಡ್ಲುಪೇಟೆಯ ಕನ್ನಡವೂ ಇಷ್ಟು ವರ್ಷದಲ್ಲಿ ಬೆರೆತು, ಈಗ ನಾವಿಬ್ಬರೂ ಆಡುವುದು ಯಾವ ಭಾಷೆಯೆಂದು ನಮಗೇ ತಿಳಿಯುವುದಿಲ್ಲ. ನಾನು ಉಣ್ಣೆಯನ್ನು ಅವರ ಮಡಿಲಿಗಿಟ್ಟು, ಮೊಮ್ಮಗುವಿಗೆ ಹೊದಿಕೆ ಎಂದೆ. ಅವರು ಉಣ್ಣೆಯನ್ನು ತಿರುಗಿಸಿ ನನ್ನ ಮಡಿಲಿಗಿಟ್ಟರು.

"ಹುಟ್ಟದ ಕೂಸಿಗೆ ಏನೂ ಮಾಡಿ ಇಡಬಾರ್ದು. ನಿಂಗೆ ಗೊತ್ತಿಲ್ವ?"

ಗೊತ್ತಿತ್ತು. ನಮ್ಮಲ್ಲೂ ಅದೇ ರೂಢಿ. ಆತುರದಲ್ಲಿ ಮರೆತಿದ್ದೆ. ಹಾಗಾದರೆ ಏನು ಮಾಡಲಿ ಎಂದು ಕೇಳಿದೆ.

"ಹೊತ್ತವಳು ಇಲ್ವ ಅಲ್ಲಿ? ಅವಳಿಗೆ ಶಾಲು ಹೆಣೆ."

ನೋಡಿ, ನನ್ನ ಲೆಕ್ಕಾಚಾರ ಆಗ ನನಗೇ ಕಾಣಿಸಿತು. ಸೊಸೆಯನ್ನು ದಾಟಿಕೊಂಡು ಸೀದಾ ಮೊಮ್ಮಗುವಿನ ಹತ್ತಿರ ಹೋಗಿ ಕುಳಿತುಬಿಡುವ ಯೋಚನೆ ನನ್ನದು. ಈ ಅಜ್ಜಿ ದಾರಿಗೆ ಅಡ್ಡ ಕುಳಿತಿದ್ದರು. ಆಗಲಿ ಹೆತ್ತೆ ಎಂದೆ.

ಈಗ ಆ ಹೂವಿನ ಸಂಗತಿ. ಕೇಳಲು ಬಹಳ ಸುಲಭ. ಎಡಗಡ್ಡಿಯ ಮೇಲಿರುವ ಮೂರು ಕುಣಿಕೆಗಳನ್ನು ಒಟ್ಟಿಗೆ ಸೇರಿಸಿ, ಅವುಗಳೊಳಗಿಂದ ಒಂದು ಎಳೆ ಎಳೆಯಬೇಕು. ಆದರೆ ಆ ಮೂರನ್ನೂ ಕಡ್ಡಿಯಿಂದ ಇಳಿಸಬಾರದು, ಅಲ್ಲೇ ಹಿಡಿದಿರಬೇಕು. ಬಲಗಡ್ಡಿಗೆ ನೂಲನ್ನು ಒಂದು ಸುತ್ತು ಸುತ್ತಿ, ಮತ್ತೆ ಅದೇ ಮೂರರೊಳಗೆ ಹೋಗಿ ಇನ್ನೊಂದು ಎಳೆ ಎಳೆಯಬೇಕು. ಈಗ ಇಳಿಸಬಹುದು. ಮೂರು ಹೋಯಿತು, ಮೂರು ಬಂತು, ನಡುವೆ ಮಲ್ಲಿಗೆ ಮೊಗ್ಗು ಬಿರಿದಂತೆ ಒಂದು ಪುಟ್ಟ ಹೂವು. ಹೆತ್ತೆ ಅದನ್ನು ನನ್ನ ಕಣ್ಣೆದುರು ಹತ್ತು ಸಲ ಮಾಡಿ ತೋರಿಸಿದರು. ಹತ್ತು ಸಲವೂ ತಲೆಯಾಡಿಸಿದೆ. ಮನೆಗೆ ಬಂದು ಬಿಸಿಲು ಕಾಯಿಸುತ್ತಾ ಜಗುಲಿಯಲ್ಲಿ ಕುಳಿತು ಶುರು ಮಾಡಿದೆ.

ನಾಲ್ಕು ಸಾಲು ಹೆಣೆಯುವಷ್ಟರಲ್ಲಿ ಶಾಲು ಸಣ್ಣಗಾಗತೊಡಗಿತು. ಎಂಟು ಸಾಲಿಗೆ ಅರ್ಧವಾಯಿತು. ಇನ್ನೂ ಮುಂದುವರಿದರೆ ಒಂದು ತುದಿಗೆ ಬಂದು ಮುಗಿದೇಹೋಯಿತು. ಕೈಯಲ್ಲಿ ಒಂದು ಮುಕ್ಕೋನದ ತುಂಡು. ಹೂವು ಒಂದೂ ಇಲ್ಲ. ಬಿಚ್ಚಿ ಮತ್ತೆ ಹಾಕಿದೆ, ಮತ್ತೆ ಮುಕ್ಕೋನ. ಕುಣಿಕೆ ಜಾಸ್ತಿ ಹಾಕಿ ಶುರು ಮಾಡಿದರೆ ದೊಡ್ಡ ಮುಕ್ಕೋನ. ನನ್ನ ಗಂಡನಿಗೆ ಇದೊಂದು ಹಬ್ಬವಾಯಿತು. "ಇವತ್ತು ಎಷ್ಟು ಸಮೋಸ ಆಯ್ತು?" ಎಂದು ದಿನಾ ಕೇಳುವರು. ಒಂದನ್ನು ಎತ್ತಿಕೊಂಡು ಹೋಗಿ ಟೀ ಕೆಟಲಿಗೆ ಟೋಪಿ ಹಾಕಿದರು. ಇನ್ನೊಂದನ್ನು ನಾಯಿಯ ತಲೆಗೆ ಕಟ್ಟಲು ನೋಡಿದರು, ನಾಯಿಗೆ ಮಾನಮರ್ಯಾದೆ ಇತ್ತು, ಓಡಿಹೋಯಿತು.

ನಗು ಅವರಿಗೆ. ನನಗೆ ಒಳಗೊಳಗೆ ಭಯ ಶುರುವಾಗಿತ್ತು. ಅವಳಿಗೆ ತಿಂಗಳು ತುಂಬುತ್ತಾ ಬರುತ್ತಿದೆ. ಇದೂ ಆಗದೆ ಹೋದರೆ ಮತ್ತೆ ಮಂಡಿನೋವನ್ನೇ ಹೇಳಬೇಕಾದೀತು, ಅಷ್ಟರಲ್ಲಿ ಮಗು ನನ್ನ ಕೈಗೆ ಬಾರದಷ್ಟು ದೂರ ಹೋಗಿರುತ್ತದೆ. ಒಂದು ಮಧ್ಯಾಹ್ನ ಸಮೋಸಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಹೆತ್ತೆಯ ಮನೆಗೆ ಹೋಗಿ, ನನ್ನಿಂದಾಗದು ಎಂದು ಸುರಿದೆ. ಹೆತ್ತೆ ತುಂಡುಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ, ನನ್ನೆದುರು ಕೂತು ಹೆಣೆ ಎಂದರು. ಹೆಣೆದೆ. ಅವರು ಕಣ್ಣು ಮುಚ್ಚಿ ಎರಡೂ ಕೈಯನ್ನು ನನ್ನ ಕೈಗಳ ಮೇಲೆ ಹಗುರವಾಗಿ ಇಟ್ಟುಕೊಂಡಿದ್ದರು. ಎರಡೇ ಹೂವಿಗೆ ಕಿಲಕಿಲ ನಕ್ಕುಬಿಟ್ಟರು.

"ಕೂಸೇ, ನೀನೆಲ್ಲಿ ಹೆಣೀತಿದ್ದೀ? ಸೊಪ್ಪು ಕೊಯ್ತಿದ್ದೀ!"

ಅವರು ಹೇಳಿದ ಮೇಲೆ ನನ್ನ ಕೈಯನ್ನು ನಾನೇ ನೋಡಿದೆ. ನಿಜ! ಟೀ ಕೊಯ್ಯುವುದೆಂದರೆ ಎರಡೆಲೆ, ಒಂದು ಮೊಗ್ಗು. ಈಗ ಎಲ್ಲರೂ ಕತ್ತರಿ ಹಿಡಿದಿದ್ದಾರೆ, ನಾನು ಮಾತ್ರ ಹಳೆಯ ಹಟದಲ್ಲಿ ಕೈಯಲ್ಲೇ ಕೊಯ್ಯುವವಳು. ಮೂರನ್ನೂ ಬೆರಳಿಗೆ ಸೇರಿಸಿಕೊಂಡು, ಹೆಬ್ಬೆರಳಿನಲ್ಲಿ ಒಂದು ಚಿಮ್ಮು, ಬೆನ್ನಿನ ಚೀಲಕ್ಕೆ ಎಸೆತ. ಅಷ್ಟರಲ್ಲಿ ಕಣ್ಣು ಮುಂದಿನ ಚಿಗುರಿಗೆ ಹೋಗಿರುತ್ತದೆ. ಮೂವತ್ತೈದು ವರ್ಷ ಹೀಗೆ ಕೊಯ್ದ ಕೈಗೆ ಮೂರು ಕುಣಿಕೆ ಒಟ್ಟಿಗೆ ಸಿಕ್ಕರೆ ಸುಮ್ಮನಿರುತ್ತದೆಯೇ? ಒಂದು ಎಳೆ ಎಳೆದದ್ದೇ ತಡ, ಎಡಗೈ ಹೆಬ್ಬೆರಳು ಮೂರನ್ನೂ ಕಡ್ಡಿಯಿಂದ ಚಿಮ್ಮಿ ಇಳಿಸಿಬಿಡುತ್ತಿತ್ತು. ಮೂರು ಹೋಗಿ ಒಂದು ಬರುತ್ತಿತ್ತು. ಹೂವಿಗೆ ಎರಡು ಕುಣಿಕೆಯಂತೆ ಶಾಲು ಕರಗುತ್ತಿತ್ತು. ಇಷ್ಟೆಲ್ಲ ನಡೆಯುತ್ತಿರುವಾಗ ನನ್ನ ತಲೆಗೆ ಏನೂ ಗೊತ್ತಿಲ್ಲ, ಅದು ಹೂವು ಅರಳಲೆಂದು ಕಾಯುತ್ತಾ ಕುಳಿತಿತ್ತು.

"ನೀವೂ ಜೀವನ ಪೂರ್ತಿ ಸೊಪ್ಪು ಕೊಯ್ದೋರೇ ಅಲ್ವ ಹೆತ್ತೆ, ನಿಮ್ಮ ಕೈ ಹೇಗೆ ನಿಲ್ಲತ್ತೆ?" ಎಂದು ಕೇಳಿದೆ.

"ಹೆಸ್ರು ಹೇಳ್ತೀನಿ. ಯಾರಿಗೆ ಹೆಣೀತೀನೋ ಅವರ ಹೆಸ್ರು. ಬಾಯಿ ಹೆಸ್ರು ಹೇಳೋವರೆಗೂ ಕೈ ಕಾಯ್ತದೆ. ನಿನ್ನ ಸೊಸೆ ಹೆಸ್ರೇನು?"

ಮಂಜನ ಹೆಂಡತಿ ಎಂದರೆ ಆಗದೇ ಎಂದು ಕೇಳಬೇಕೆನಿಸಿತು, ನಾಚಿಕೆಯಾಗಿ ಬಿಟ್ಟೆ. ಹೆತ್ತೆಯ ಮಂಜು ಕವಿದ ಕಣ್ಣು ನನ್ನನ್ನೇ ನೋಡುತ್ತಿತ್ತು. ಪ್ರಸೀತಾ ಎಂದೆ. ಎರಡು ವರ್ಷದಲ್ಲಿ ಮೊದಲ ಸಲ.

"ನೋಡು, ಎಷ್ಟು ಚೆನ್ನಾಗಿದೆ. ಮೂರು ತುಂಡು. ನಿನಗೆ ಅಂತಲೇ ಇಟ್ಟ ಹಂಗಿದೆ" ಎಂದು ಕಡ್ಡಿಯನ್ನು ಕೈಗೆ ಕೊಟ್ಟರು.

ಪ್ರ ಎನ್ನುವಾಗ ಒಂದು ಎಳೆ. ಸೀ ಎನ್ನುವಾಗ ನೂಲಿನ ಸುತ್ತು. ತಾ ಎನ್ನುವಾಗ ಮತ್ತೆ ಅದೇ ಮೂರರೊಳಗಿಂದ ಎಳೆ. ಆಮೇಲೆ ಇಳಿಸುವುದು. ಮೊದಲನೆಯದು ಸೊಟ್ಟಗಿತ್ತು. ಎರಡನೆಯದರಲ್ಲಿ ಹೆಬ್ಬೆರಳು ಆತುರಪಟ್ಟಿತು. ಮೂರನೆಯದು, ನಿಮ್ಮಾಣೆ, ಹೂವು! ನಾನು ಸಣ್ಣ ಹುಡುಗಿಯ ಹಾಗೆ ಹೆತ್ತೆಯ ಭುಜ ಹಿಡಿದು ಅಲ್ಲಾಡಿಸಿದೆ. ಮೆಲ್ಲಗೆ, ಮೂಳೆ ಬಿದ್ದುಹೋದಾವು ಎಂದರು.

ಹೀಗೆ ನನ್ನ ಜಪ ಶುರುವಾಯಿತು. ಒಂದು ಹೂವಿಗೆ ಒಂದು ಪ್ರಸೀತಾ. ಒಂದು ಸಾಲಿಗೆ ಇಪ್ಪತ್ತೈದು ಪ್ರಸೀತಾ. ದೇವರ ನಾಮವನ್ನೂ ನಾನು ಇಷ್ಟು ಶ್ರದ್ಧೆಯಿಂದ ಹೇಳಿದವಳಲ್ಲ. ಮೊದಲ ವಾರ ಆ ಹೆಸರು ಬಾಯಲ್ಲಿ ಹೊಸ ಹಲ್ಲಿನ ಸೆಟ್ಟಿನಂತೆ ಒತ್ತುತ್ತಿತ್ತು. ಎರಡನೇ ವಾರ ಅದು ಬರೀ ಲೆಕ್ಕವಾಯಿತು. ಆಮೇಲೆ ಯಾವಾಗಲೋ, ಹೆಸರು ಹೇಳಿದಾಗ ಅವಳ ಮುಖ ಬರತೊಡಗಿತು. ಸ್ಟೇಟಸ್ಸಿನಲ್ಲಿ ಕಂಡ ಮುಖ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ನಗುವುದು. ಇವತ್ತು ಊಟ ಮಾಡಿದಳೋ ಇಲ್ಲವೋ, ವಾಂತಿ ನಿಂತಿತೋ ಇಲ್ಲವೋ, ಮಿಷನ್ ತುಳಿದು ಕಾಲು ಊದಿಕೊಂಡಿತೋ ಏನೋ ಎಂದೆಲ್ಲ ಹೂವು ಹೂವಿಗೂ ಚಿಂತೆ ಹತ್ತಿತು. ಒಂದು ದಿನ ನನ್ನ ಗಂಡ ಹಿತ್ತಲಿನಿಂದ ಬಂದು, "ಯಾರನ್ನ ಕರೀತಿದೀಯೇ?" ಎಂದರು. ಯಾರನ್ನೂ ಇಲ್ಲ, ಹೆಣೀತಿದೀನಿ ಎಂದೆ. ಅವರು ಅಲ್ಲೇ ನಿಂತು ಎರಡು ಹೂವಿನಷ್ಟು ಹೊತ್ತು ಕೇಳಿಸಿಕೊಂಡರು. ಸಮೋಸದ ಮಾತೆತ್ತಲಿಲ್ಲ. ಒಳಗೆ ಹೋಗಿ ಟೀ ಮಾಡಿಕೊಂಡು ಬಂದು ಪಕ್ಕದಲ್ಲಿಟ್ಟರು. ಸಕ್ಕರೆ ಹಾಕುವುದನ್ನು ಮರೆತಿದ್ದರು, ನಾನೂ ಹೇಳಲಿಲ್ಲ.

ಫೆಬ್ರವರಿಯ ಕೊನೆಗೆ ಚಿಗುರು ಬಂದು ಕೊಯ್ಲು ಶುರುವಾದಾಗ ಇನ್ನೊಂದು ಫಜೀತಿ. ತೋಟದಲ್ಲಿ ಎರಡೆಲೆ ಒಂದು ಮೊಗ್ಗು ಬೆರಳಿಗೆ ಸಿಕ್ಕಿದ ಕೂಡಲೇ ಬಾಯಿ ಪ್ರಸೀತಾ ಎನ್ನುತ್ತಿತ್ತು, ಕೈ ಕಾಯುತ್ತಿತ್ತು. ನನ್ನ ಸೊಪ್ಪಿನ ತೂಕ ಅರ್ಧಕ್ಕಿಳಿಯಿತು. "ಏನಕ್ಕಾ, ಲೀಫ್ ಇಷ್ಟು ಕಮ್ಮಿ? ಮಂಡಿನೋವಾ?" ಎಂದು ಏಜೆಂಟ್ ಕೇಳಿದ. ಹೌದಪ್ಪ, ಈಗ ನಿಜವಾಗಿಯೂ ಬಂದಿದೆ ಎಂದೆ.

ಮಾರ್ಚ್ ಮಧ್ಯದಲ್ಲಿ ಶಾಲು ಮುಗಿಯಿತು. ನೆಲದ ಮೇಲೆ ಹಾಸಿ ನೋಡಿದರೆ ಒಂದು ತುದಿ ಇನ್ನೊಂದಕ್ಕಿಂತ ನಾಲ್ಕು ಬೆರಳು ಕಿರಿದು. ಹೆಬ್ಬೆರಳು ಎಲ್ಲೆಲ್ಲೋ ಹಳೆಯ ಬುದ್ಧಿ ತೋರಿಸಿತ್ತು. ಅಳತೆ ಟೇಪು ಕೊರಳಿಗೆ ಹಾಕಿಕೊಂಡೇ ಬದುಕುವವಳಿಗೆ ಇದನ್ನು ಕೊಡುವುದೇ? ಪೂರ್ತಿ ಬಿಚ್ಚಿ ಮತ್ತೆ ಹಾಕಲೇ ಎಂದು ಹೆತ್ತೆಯನ್ನು ಕೇಳಿದೆ. "ಬಿಚ್ಚಿ ಹೆಣೆದು ಮುಗಿಸೋ ಹೊತ್ತಿಗೆ ಆ ಕೂಸು ಸ್ಕೂಲಿಗೆ ಹೋಗ್ತದೆ. ನಡೀ, ಹೋಗಿ ಕೊಟ್ಟು ಬಾ" ಎಂದರು.

ನಾವಿಬ್ಬರೂ ಹೊರಟೆವು. ಕೋತಗಿರಿಯಿಂದ ಊಟಿ, ಊಟಿಯಿಂದ ಗೂಡಲೂರು, ಅಲ್ಲಿಂದ ಪಂದಲೂರು, ಮೂರು ಬಸ್ಸು. ನನ್ನ ಗಂಡ ಕ್ಯಾರೆಟ್ಟು ಬೀಟ್‌ರೂಟಿನ ಚೀಲವನ್ನು ಕಾಲಸಂದಿಯಲ್ಲಿಟ್ಟುಕೊಂಡು ನಿದ್ದೆ ಹೋದರು. ನಾನು ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿದೆ. ಮೊದಲು ಕನ್ನಡದಲ್ಲಿ, ಆಮೇಲೆ ಅವಳಿಗೆ ಚೆನ್ನಾಗಿ ಅರ್ಥವಾಗಲೆಂದು ತಮಿಳಿನಲ್ಲಿ. ಗೂಡಲೂರಿಗೆ ಇಳಿಯುವಷ್ಟರಲ್ಲಿ ಸೆಕೆ ಶುರುವಾಗಿ ಸ್ವೆಟರ್ ಬಿಚ್ಚಿದೆ. ಆಗ ಹೊಳೆಯಿತು. ಅಯ್ಯೋ ದೇವರೇ, ಮಾರ್ಚ್ ತಿಂಗಳ ಪಂದಲೂರಿನಲ್ಲಿ, ಬಸುರಿ ಹೆಂಗಸು, ಉಣ್ಣೆಯ ಶಾಲು ಹೊದೆಯುತ್ತಾಳೆಯೇ? ಗಂಡನನ್ನು ಎಬ್ಬಿಸಿ ಕೇಳಿದೆ. "ಮುಂದೆ ಮಳೆಗಾಲ ಬರಲ್ವೇನೇ?" ಎಂದು ಮತ್ತೆ ಕಣ್ಣು ಮುಚ್ಚಿದರು.

ಅವರ ಮನೆ ಅಂಗಡಿಯ ಹಿಂದೆಯೇ. ಅಂಗಡಿಯಲ್ಲಿ ಅವಳು ಮಿಷನ್ನಿನ ಮುಂದೆ ಕುಳಿತಿದ್ದಳು, ತುಂಬಿದ ಹೊಟ್ಟೆಗೆ ಜಾಗವಾಗಲೆಂದು ಸ್ಟೂಲನ್ನು ಒಂದು ಮೊಳ ಹಿಂದಕ್ಕೆ ಸರಿಸಿಕೊಂಡು. ನಮ್ಮನ್ನು ಕಂಡು ಎದ್ದು ನಿಂತಳು. ನಾನು ಎರಡು ಭಾಷೆಯಲ್ಲಿ ಜೋಡಿಸಿಟ್ಟ ಮಾತಿನಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಬಾಯಿಗೆ ಬಂದದ್ದು ಒಂದೇ.

"ಪ್ರ… ಸೀ… ತಾ" ಎಂದೆ, ಮೂರು ತುಂಡಾಗಿ, ಹೂವು ಹೆಣೆಯುವ ಹಾಗೆ.

"ಎಂದಾ ಅಮ್ಮೇ?" ಎಂದಳು ಅವಳು, ತನ್ನ ತಾಯಿಗೆ ಏನಮ್ಮ ಎನ್ನುವ ಹಾಗೆಯೇ, ಮಲಯಾಳದಲ್ಲಿ. ಬಾಯಿ ತಪ್ಪಿ ಬಂದಿರಬೇಕು, ತಾನೇ ನಾಚಿಕೊಂಡು ನಕ್ಕಳು.

ಆಮೇಲೆ ಮಾತು ತಾನಾಗಿ ಬಂತು. "ತಪ್ಪಾಯ್ತು ಕಣಮ್ಮ. ಅವತ್ತು ನಂಗೆ ಮಂಡಿನೋವಿರಲಿಲ್ಲ" ಎಂದೆ. "ಗೊತ್ತು ಅಮ್ಮ" ಎಂದಳು. ಅವಳ ಕಣ್ಣೂ ತುಂಬಿತ್ತು, ನನ್ನದಂತೂ ಹರಿಯುತ್ತಿತ್ತು. ನನ್ನ ಗಂಡ ಬೀಟ್‌ರೂಟ್ ಎಲ್ಲಿಡಲಿ ಎಂದು ಯಾರನ್ನೂ ಕುರಿತಲ್ಲದೆ ಕೇಳುತ್ತಾ ಒಳಗೆ ಹೋದರು.

ಶಾಲು ಕೊಟ್ಟೆ. ಟೈಲರ್ ಅಲ್ಲವೇ, ಬಿಡಿಸಿದ ಕೂಡಲೇ ಮೊದಲು ತಿರುಗಿಸಿ ಹಿಂಬದಿ ನೋಡಿದಳು. ಬೆರಳು ಅಂಚಿನ ಮೇಲೆ ಹರಿದು ಬಂದು ಆ ಕಿರಿದಾದ ತುದಿಯ ಹತ್ತಿರ ಒಂದು ಗಳಿಗೆ ನಿಂತಿತು. ಹಣೆಯ ಮೇಲೆ ಬೆವರಿದ್ದ ಹಾಗೆಯೇ ಅದನ್ನು ಹೊದ್ದುಕೊಂಡಳು. "ಎಲ್ಲಾ ಹೂವೂ ನೀವೇ ಮಾಡಿದ್ದಾ?" ಎಂದಳು. ಹೂಂ ಎಂದೆ. ಫ್ಯಾನ್ ತಿರುಗುತ್ತಿತ್ತು, ಅವಳು ಶಾಲು ತೆಗೆಯಲಿಲ್ಲ.

ಸ್ವಲ್ಪ ಹೊತ್ತಿಗೆ ಒಳಗೆ ಹೋಗಿ ಬೀರುವಿನಿಂದ ಒಂದು ಪೊಟ್ಟಣ ತಂದು ನನ್ನ ಮಡಿಲಲ್ಲಿಟ್ಟಳು. ಬಿಚ್ಚಿದರೆ ಹಸಿರು ರೇಷ್ಮೆ ಸೀರೆ, ಮಡಿಕೆ ಮುರಿಯದ್ದು, ಜೊತೆಗೆ ಹೊಲಿದಿಟ್ಟ ಬ್ಲೌಸು. ಮಂಜನಿಂದ ಕಲಿತ ಕನ್ನಡಕ್ಕೆ ತನ್ನ ಮಾತು ಬೆರೆಸಿ ಹೇಳಿದಳು: "ಕಲ್ಯಾಣದ ದಿನ ಹುಡುಗನ ಅಮ್ಮನಿಗೆ ಕೊಡೋ ಸೀರೆ. ಅಪ್ಪನ ಕೈಯಲ್ಲಿ ಕಳ್ಸು ಅಂದ್ರು ಎಲ್ಲರೂ. ಬೇಡ, ಅಮ್ಮನೇ ಬಂದು ತಗೊಳ್ತಾರೆ ಅಂದೆ."

ಅವಳ ಒತ್ತಾಯಕ್ಕೆ ಒಳಗೆ ಹೋಗಿ ಬ್ಲೌಸು ಹಾಕಿಕೊಂಡು ನೋಡಿದೆ. ಕೊಕ್ಕೆ ಕೂಡುವುದು ಹೋಗಲಿ, ಒಂದರ ಮುಖ ಇನ್ನೊಂದು ನೋಡುತ್ತಿರಲಿಲ್ಲ. ಕೋಪ ಮಾಡಿಕೊಂಡವರು ಸೊರಗುತ್ತಾರೆ ಎನ್ನುವುದೆಲ್ಲ ಸುಳ್ಳು, ಆ ಎರಡು ವರ್ಷದಲ್ಲಿ ನಾನು ಚೆನ್ನಾಗಿಯೇ ದಪ್ಪಗಾಗಿದ್ದೆ. ಸೆರಗು ಮುಚ್ಚಿಕೊಂಡು ಹೊರಗೆ ಬಂದು, ತಡ ಮಾಡಿಬಿಟ್ಟೆ ಕಣಮ್ಮ, ಇದು ಇನ್ನು ನನಗಾಗಲ್ಲ ಎಂದೆ.

"ಆಗತ್ತೆ ಅಮ್ಮ. ಅಳತೆ ಇರಲಿಲ್ಲ, ಫೋಟೋ ನೋಡಿ ಹೊಲಿದಿದ್ದು. ಯಾವಾಗ ಬರ್ತೀರೋ, ಹೇಗಿರ್ತೀರೋ ಅಂತ ಒಳಗೆ ಜಾಸ್ತಿ ಬಟ್ಟೆ ಬಿಟ್ಟಿದೀನಿ" ಎಂದು ಬ್ಲೌಸನ್ನು ಕೈಗೆ ತೆಗೆದುಕೊಂಡಳು.

ಶಾಲು ಹೊದ್ದುಕೊಂಡೇ ಕುಳಿತು, ಬ್ಲೇಡಿನಿಂದ ಎರಡೂ ಪಕ್ಕದ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದಳು. ಒಳಗಿನಿಂದ ಎರಡು ಬೆರಳಗಲ ಬಟ್ಟೆ ಹೊರಗೆ ಬಂತು. ಹೊರಗಿನದಕ್ಕಿಂತ ಹೊಸ ಹಸಿರು, ಬೆಳಕೇ ಕಾಣದ್ದು. ಮಿಷನ್ನಿಗೆ ಕೊಟ್ಟು ಹೊಸ ಹೊಲಿಗೆ ಹಾಕಿ, ಹತ್ತು ನಿಮಿಷದಲ್ಲಿ ನನಗೆ ತೊಡಿಸಿದಳು. ಸರಿಯಾಗಿ ಕೂತಿತು.

ಪಕ್ಕದ ಹಳೆಯ ಹೊಲಿಗೆಯ ಗುರುತು ಇನ್ನೂ ಕಾಣುತ್ತದೆ. ಇರಲಿ ಬಿಡಿ, ತೊಳೆಯುತ್ತಾ ತೊಳೆಯುತ್ತಾ ಹೋಗುತ್ತದೆ ಎಂದಳು. ಒಳಗೆ ಇನ್ನೂ ಒಂದು ಹೊಲಿಗೆಗಾಗುವಷ್ಟು ಬಟ್ಟೆ ಉಳಿದಿದೆಯಂತೆ. ಅದನ್ನು ಬಳಸಿಕೊಳ್ಳುವ ಪ್ರಸಂಗ ಬಾರದಂತೆ ಸ್ವಲ್ಪ ಹುಷಾರಾಗಿರಬೇಕೆಂದು ನಾನೇ ನನಗೆ ಹೇಳಿಕೊಂಡಿದ್ದೇನೆ.